ತಾರಸಿಯ ಬಿಸಿಗೆ ಒಳಸೀಲಿಂಗ್ ಸಾಕೇ?

ಬದಿಯಡ್ಕದಲ್ಲಿ ಹದಿನೈದು ಸೆಂಟ್ಸ್ ಜಾಗದಲ್ಲಿ ಕಟ್ಟುತ್ತಿರುವ ಮನೆಯ ತಾರಸಿಗೆ ಉಷ್ಣನಿರೋಧಕ ಪದರ ಬೇಕೇ, ಒಳಗೆ ಜಿಪ್ಸಮ್ ಸೀಲಿಂಗ್ ಮಾಡಿದರೆ ಸಾಲದೇ ಎಂದು ಕೇಳಿದ್ದೀರಿ. ಮನೆಗಳ ಇಂಧನ ಉಳಿತಾಯಕ್ಕಾಗಿ ಕೇಂದ್ರ ಸರಕಾರ ರೂಪಿಸಿದ 2018ರ ಇಕೋ ನಿವಾಸ್ ಸಂಹಿತೆಯು 500 ಚದರ ಮೀಟರ್, ಅಂದರೆ ಸುಮಾರು ಹನ್ನೆರಡೂವರೆ ಸೆಂಟ್ಸ್ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಮನೆಗಳನ್ನು ಉದ್ದೇಶಿಸಿದ್ದು, ಶಾಖ ಹಾಯುವ ಪ್ರಮಾಣವನ್ನು ಸೂಚಿಸುವ ಯು-ಮೌಲ್ಯವು ಚಾವಣಿಗೆ 1.2 ಮೀರಬಾರದೆನ್ನುತ್ತದೆ. ಆರು ಇಂಚಿನ ಬರೀ ಕಾಂಕ್ರೀಟಿನಲ್ಲಿ ಅದು 3ಕ್ಕಿಂತ ಹೆಚ್ಚು.

ಏಪ್ರಿಲ್‌ನಲ್ಲಿ ರಾತ್ರಿ ಒಂಬತ್ತಕ್ಕೂ ನಮ್ಮ ಸ್ಲ್ಯಾಬಿನ ಒಳಮೈ ಕೈಗೆ ಬೆಚ್ಚಗಿರುತ್ತದೆ. ಸೀಲಿಂಗ್ ಆ ಬಿಸಿಯನ್ನು ಮರೆಮಾಡುತ್ತದೆಯೇ ಹೊರತು ಸ್ಲ್ಯಾಬ್ ಕಾಯುವುದನ್ನು ತಡೆಯುವುದಿಲ್ಲ. ಆದ್ದರಿಂದ ನೀರುನಿರೋಧಕ ಲೇಪನದ ಮೇಲೆ 25 ಮಿಲಿಮೀಟರ್ ಎಕ್ಸ್‌ಪಿಎಸ್ (ಶಾಖ ತಡೆಯುವ ಗಟ್ಟಿ ಪ್ಲಾಸ್ಟಿಕ್ ಫೋಮ್) ಹಲಗೆ ಹಾಸಿ, ಅದರ ಮೇಲೆ ಇಳಿಜಾರಿನ ಗಾರೆ ಹಾಕಿಸಿ. ಯು-ಮೌಲ್ಯ ಸುಮಾರು 1ಕ್ಕೆ ಇಳಿಯುತ್ತದೆ. ನಮ್ಮ ಮಳೆಗೆ ಹಲಗೆಗಿಂತ ಮೊದಲು ಆ ಲೇಪನವನ್ನೇ ನೀರು ನಿಲ್ಲಿಸಿ ಪರೀಕ್ಷಿಸಿಕೊಳ್ಳಿ.