ಆಕೆ ಅದಕ್ಕೆ ಸೋಮಾರಿತನ ಎಂದು ಹೆಸರಿಟ್ಟಿದ್ದರು

(ಗುರುತು ಸಿಗದಂತೆ ವಯಸ್ಸು ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಕರಾವಳಿಯ ಕಥೋಲಿಕ ಮನೆಯ 52 ವರ್ಷದ ಗೃಹಿಣಿ. ಗಂಡ ಕೊಲ್ಲಿಯಲ್ಲಿ, ಮಗ ಬೆಂಗಳೂರಿನಲ್ಲಿ. ಆಪ್ತಸಮಾಲೋಚನೆಗೆಂದು ನನ್ನೆದುರು ಕುಳಿತವರೇ ಹೇಳಿದರು: “ಮೇಡಂ, ನನಗೆ ಸೋಮಾರಿತನದ ಪಾಪ ಅಂಟಿಕೊಂಡಿದೆ.” ನಾಲ್ಕು ತಿಂಗಳಿಂದ ಪ್ರತಿ ಪಾಪನಿವೇದನೆಯಲ್ಲೂ ಇದೊಂದನ್ನೇ ಒಪ್ಪಿಸುತ್ತಿದ್ದಾರಂತೆ. ಭಾನುವಾರದ ಪೂಜೆಗೆ ಕಾಲೇಳುವುದಿಲ್ಲ, ಜಪಸರ ಹಿಡಿದರೆ ಎರಡನೆಯ ಮಣಿಗೇ ಬೆರಳು ನಿಲ್ಲುತ್ತದೆ, ಒಗೆದ ಬಟ್ಟೆ ಬಕೆಟ್ಟಿನಲ್ಲೇ ಮುಗ್ಗುತ್ತದೆ. “ಹತ್ತು ಗಂಟೆಗೆ ಕುಳಿತರೆ ಎರಡರವರೆಗೆ ಗಡಿಯಾರ ನೋಡುತ್ತಿರುತ್ತೇನೆ. ಮುಳ್ಳು ಸರಿಯುವುದೇ ಇಲ್ಲ.”

ಆ ಹತ್ತರಿಂದ ಎರಡು ಎಂಬ ಮಾತಿಗೆ ನನ್ನ ಪೆನ್ನು ನಿಂತಿತು. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಸನ್ಯಾಸಿ ಇವಾಗ್ರಿಯಸ್ ಹೆಚ್ಚುಕಡಿಮೆ ಇದೇ ಹೊತ್ತನ್ನು ಬರೆದಿಟ್ಟಿದ್ದಾನೆ. ‘ಅಕೀದಿಯಾ’ ಎಂಬ ಬೇಸರದ ಪಿಶಾಚಿ ನಡುಹಗಲಿಗೆ ಬರುತ್ತದೆ, ದಿನಕ್ಕೆ ಐವತ್ತು ಗಂಟೆಗಳಿವೆ ಎನ್ನಿಸುತ್ತದೆ, ಸನ್ಯಾಸಿ ಸೂರ್ಯ ಸರಿದನೇ ಎಂದು ಮತ್ತೆ ಮತ್ತೆ ನೋಡುತ್ತಾನೆ. ಕ್ರೈಸ್ತರ ‘ಏಳು ಮಹಾಪಾಪ’ಗಳ ಪಟ್ಟಿಗೆ ಮೂಲ ಅವನ ಬರಹವೇ. ಆದರೆ ಅವನ ಪಟ್ಟಿಯಲ್ಲಿ ಪಾಪಗಳಲ್ಲ, ಮನಸ್ಸನ್ನು ಕಾಡುವ ಎಂಟು ಆಲೋಚನೆಗಳಿದ್ದವು. ಸುಮಾರು ಇನ್ನೂರು ವರ್ಷಗಳ ನಂತರ ಪೋಪ್ ಗ್ರೆಗರಿ ಅವನ್ನು ಏಳಾಗಿಸಿ, ಬೇಸರವನ್ನು ದುಃಖದೊಳಗೆ ಸೇರಿಸಿದರು. ಮುಂದೆ ಆ ಜಾಗದಲ್ಲಿ ಸೋಮಾರಿತನ ಬಂದು ಕುಳಿತಿತು. ಇದು ದೊಡ್ಡ ಅನ್ಯಾಯವೆಂದೇ ನನ್ನ ಭಾವನೆ. ಮನಸ್ಸು ಒಣಗಿದವರನ್ನೂ ಮೈಗಳ್ಳರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದಂತಾಯಿತು. (ನಮ್ಮ ಅರಿಷಡ್ವರ್ಗದಲ್ಲಿ ಸೋಮಾರಿತನಕ್ಕೆ ಜಾಗವೇ ಇಲ್ಲ.)

“ಮೊದಲು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದಿರಿ?” ಎಂದೆ.

ತುಂಬ ಹೊತ್ತು ಸುಮ್ಮನಿದ್ದರು. ಪಾರ್ಶ್ವವಾಯು ಬಡಿದ ಅತ್ತೆ ಆರು ವರ್ಷ ಮಂಚದಲ್ಲಿದ್ದರು. ಹತ್ತಕ್ಕೆ ಮೈ ಒರೆಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಗಂಜಿ ತಿನ್ನಿಸುವುದು. ಅತ್ತೆ ತೀರಿಕೊಂಡು ಐದು ತಿಂಗಳಾಗಿದೆ. ಆ ಕೋಣೆಯ ಬಾಗಿಲನ್ನು ಇವರು ಇನ್ನೂ ತೆರೆದಿಲ್ಲ. ಶವಸಂಸ್ಕಾರದ ದಿನ, ವರ್ಷಕ್ಕೆರಡು ಬಾರಿ ಬಂದು ಹೋಗುತ್ತಿದ್ದ ನಾದಿನಿ ನೆಂಟರ ಎದುರು ಹೇಳಿದ್ದಳು: “ಬೆನ್ನಿನ ಹುಣ್ಣನ್ನು ಸ್ವಲ್ಪ ನೋಡಿಕೊಂಡಿದ್ದರೆ ಅಮ್ಮ ಇನ್ನೊಂದಷ್ಟು ದಿನ ಇರುತ್ತಿದ್ದರು.”

“ನೀವೇನು ಹೇಳಿದಿರಿ?”

“ಕಾಫಿ ತಂದುಕೊಟ್ಟೆ.”

ದುಃಖ ಕೆಲವೊಮ್ಮೆ ಸಿಟ್ಟಿನ ಬೆನ್ನಿಗೆ ಬರುತ್ತದೆ ಎಂದೂ ಅದೇ ಇವಾಗ್ರಿಯಸ್ ಬರೆದಿದ್ದಾನೆ. ಈಕೆ ಒಪ್ಪಿಸುತ್ತಿದ್ದದ್ದು ಮೇಲೆ ಕಾಣುವ ಜಡತೆಯನ್ನು. ಕೆಳಗೆ ಕ್ರೋಧವಿತ್ತು, ಆರು ವರ್ಷ ಸೇವೆ ಮಾಡಿದವಳು ಸಿಟ್ಟಾಗಬಾರದು ಎಂಬ ಹಟವೂ ಇತ್ತು. ಅದನ್ನು ಗರ್ವ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಬೆಳಗಿನ ಮೂರಕ್ಕೇ ಎಚ್ಚರವಾಗುತ್ತದೆ, ಊಟ ಸೇರುವುದಿಲ್ಲ ಎಂದರು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು. ಆದರೂ ಮೊದಲು ವೈದ್ಯರ ಬಳಿಗೆ ಕಳುಹಿಸಿದೆ: ಥೈರಾಯ್ಡ್, ಹಿಮೋಗ್ಲೋಬಿನ್ ನೋಡದೆ ಆತ್ಮದ ಮಾತು ಆಡುವುದು ಸರಿಯಲ್ಲ. ರಕ್ತಹೀನತೆ ಇತ್ತು. ಮನೋವೈದ್ಯರು ಖಿನ್ನತೆ ಎಂದು ಗುರುತಿಸಿ ಔಷಧ ಕೊಟ್ಟರು.

ನಾನು ಹೇಳಿದ್ದು ಕಡಿಮೆ. ಉತ್ಸಾಹ ಬರಲಿ ಎಂದು ಕಾಯಬೇಡಿ, ಹತ್ತು ಗಂಟೆಗೆ ಕೈಗೊಂದು ಕೆಲಸ ಕೊಡಿ, ಹತ್ತೇ ನಿಮಿಷವಾದರೂ ಸಾಕು. ಮರಳುಗಾಡಿನವರು ಬುಟ್ಟಿ ಹೆಣೆಯುತ್ತಿದ್ದರು. ಈಕೆ ಮಲ್ಲಿಗೆ ಕಟ್ಟುವುದನ್ನು ಆರಿಸಿಕೊಂಡರು. ನಾದಿನಿಗೆ ಒಂದು ಪತ್ರ ಬರೆಯಿರಿ, ಅಂಚೆಗೆ ಹಾಕಬೇಡಿ. ಪಾಪ ಯಾವುದು, ಯಾವುದಲ್ಲ ಎಂಬ ತೀರ್ಪು ನನ್ನ ಕೆಲಸವಲ್ಲ. ಅದಕ್ಕೆ ಧರ್ಮಗುರುಗಳ ಬಳಿ ಪಾಪನಿವೇದನೆಯ ಐದು ನಿಮಿಷ ಸಾಲದು, ಬಿಡುವಿನಲ್ಲಿ ಒಂದು ಗಂಟೆ ಕೇಳಿಕೊಳ್ಳಿ ಎಂದೆ.

ಪತ್ರ ಹನ್ನೊಂದು ಪುಟವಾಯಿತು. ಮೂರನೆಯ ಭೇಟಿಗೆ ಅದನ್ನು ತಂದು ಓದಿದರು, ಓದುತ್ತ ಅತ್ತರು. ಅತ್ತೆ ಸತ್ತ ಮೇಲೆ ಮೊದಲ ಬಾರಿ. ಆರನೆಯ ಭೇಟಿಯ ಹೊತ್ತಿಗೆ ಕೋಣೆ ತೆರೆದು, ಗಾಳಿಹಾಸಿಗೆಯನ್ನು ತೊಳೆದು ಒಣಗಿಸಿ, ಅಗತ್ಯವಿದ್ದ ಪಕ್ಕದ ಮನೆಗೆ ಕೊಟ್ಟಿದ್ದರು.

“ಪಾಪನಿವೇದನೆಗೆ ಹೋಗಿದ್ದಿರಾ?”

“ಹೋಗಿದ್ದೆ. ನಾದಿನಿಯ ಮೇಲಿನ ಸಿಟ್ಟು ಹೇಳಿದೆ. ಸೋಮಾರಿತನ ಹೇಳಲಿಲ್ಲ.” ಚೀಲ ಹೆಗಲಿಗೇರಿಸುತ್ತ ಸೇರಿಸಿದರು: “ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ ಮೇಡಂ.”