ಬ್ಯಾಂಜೋ ಯಾರದ್ದು ಅಂತ ಕೇಳಿದ್ದೀರಿ

(ಕಳೆದ ಸಂಚಿಕೆಯಲ್ಲಿ ಬ್ಯಾಂಜೋ ನುಡಿಸೋ ಕಪ್ಪು ಹೆಣ್ಣುಮಕ್ಕಳ ಬಗ್ಗೆ ಒಂದು ಪುಟದ ಟಿಪ್ಪಣಿ ಹಾಕಿದ್ವಿ. ಅದನ್ನ ಓದಿ ಹುಬ್ಬಳ್ಳಿಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಸಾರಾಂಶ ಇಷ್ಟು: "ಬ್ಯಾಂಜೋ ಅಮೆರಿಕದ ಬಿಳಿ ಹಳ್ಳಿಗರ ವಾದ್ಯ ಅಂತ ಇಂಗ್ಲಿಷ್ ಸಿನಿಮಾ ನೋಡಿದ ಯಾರಿಗಾದ್ರೂ ಗೊತ್ತು. ಜೋಯಲ್ ಸ್ವೀನಿ ಅನ್ನೋ ಬಿಳಿಯ ಅದಕ್ಕೆ ಐದನೇ ತಂತಿ ಹಾಕಿದ, ಅರ್ಲ್ ಸ್ಕ್ರಗ್ಸ್ ಅದನ್ನ ಎಲ್ಲಿಗೋ ತಗೊಂಡು ಹೋದ. ಈಗ ಬಂದು 'ನಮ್ದು ವಾಪಸ್ ಕೊಡಿ' ಅನ್ನೋದು ಏನು? ಸಂಗೀತಕ್ಕೂ ಜಾತಿ ತರಬೇಕಾ? ಅದೂ ಹೆಂಗಸರೇ ಯಾಕೆ? ನಮ್ಮ ಗಣಪತಿ ಮೆರವಣಿಗೆ ಬ್ಯಾಂಜೋನೂ ಇದೂ ಒಂದೇನಾ? ಯಲ್ಲಾಪುರದ ಸಿದ್ದಿಯರಿಗೂ ಇದಕ್ಕೂ ಸಂಬಂಧ ಇದ್ಯಾ? ಕೊನೇದಾಗಿ, ಗಿಟಾರ್ ಕಲೀತಿರೋ ನನ್ನ ಮಗಳು ಆ ಟಿಪ್ಪಣಿ ಓದಿ ಬ್ಯಾಂಜೋ ಬೇಕು ಅಂತ ಕೂತಿದ್ದಾಳೆ, ಏನು ಮಾಡ್ಲಿ?")

ನಮಸ್ಕಾರ ಸಾರ್. ಪತ್ರದಲ್ಲಿ ಸಿಟ್ಟಿದೆ, ಇರ್ಲಿ. ಕೇಳಿರೋ ಪ್ರಶ್ನೆಗಳು ಚೆನ್ನಾಗಿವೆ, ಅದಕ್ಕೇ ಎರಡು ಸಾಲಲ್ಲಿ ಕೈ ತೊಳ್ಕೊಳ್ದೆ ಉದ್ದಕ್ಕೇ ಬರೀತಿದ್ದೀನಿ.

ಮೊದ್ಲು ಸಣ್ಣವನ್ನ ಮುಗಿಸ್ಬಿಡೋಣ. ನಾವು ಹೇಳ್ತಿರೋ ಬ್ಯಾಂಜೋ ಗಿಟಾರ್ ಥರ ಉದ್ದ ಕತ್ತಿನ, ಗುಂಡು ಮೈಗೆ ತೊಗಲು ಬಿಗಿದ ತಂತಿವಾದ್ಯ. ಮೆರವಣಿಗೆಯಲ್ಲಿ ಸ್ಪೀಕರ್ ಕಟ್ಕೊಂಡು ಬಾರಿಸೋ ಬ್ಯಾಂಜೋ ಇದಲ್ಲ. ಅದು ಬುಲ್‌ಬುಲ್ ತರಂಗ್, ಟೈಪ್‌ರೈಟರ್ ಥರ ಕೀ ಒತ್ತೋದು, ಅದರ ಮೂಲ 1912ರಲ್ಲಿ ಜಪಾನಿನ ನಗೋಯಾದಲ್ಲಿ ಹುಟ್ಟಿದ ತೈಶೋಗೋಟೋ ಅನ್ನೋ ವಾದ್ಯ. ಹೆಸರು ಮಾತ್ರ ಅಂಟ್ಕೊಂಡಿದೆ. ಇನ್ನು ಸಿದ್ದಿಯರ ವಿಚಾರ, ಸಂಬಂಧ ಇದೆ ಅಂದಿದ್ರೆ ನನಗೂ ಖುಷಿ ಆಗ್ತಿತ್ತು, ಒಂದು ಕವರ್ ಸ್ಟೋರಿನೇ ಆಗ್ತಿತ್ತು. ಆದ್ರೆ ನಮ್ಮ ಸಿದ್ದಿಯರ ಹಿರೀಕರು ಬಹುಪಾಲು ಪೂರ್ವ ಆಫ್ರಿಕಾದಿಂದ ಅರಬ್ಬರು, ಪೋರ್ಚುಗೀಸರ ಹಡಗುಗಳಲ್ಲಿ ಬಂದವರು, ಬ್ಯಾಂಜೋದ ಬೇರು ಇರೋದು ಆ ಖಂಡದ ಇನ್ನೊಂದು ತುದಿ, ಪಶ್ಚಿಮದಲ್ಲಿ. ಸಿದ್ದಿಯರ ಡಮಾಮಿ ಡೋಲಿನ ಕತೆನೇ ಬೇರೆ, ಅದನ್ನ ಅದರದೇ ಜಾಗದಲ್ಲಿ ಬರೀಬೇಕು, ಇಲ್ಲಿ ತುರುಕಬಾರದು.

ಈಗ ಸ್ವೀನಿ. ಐದನೇ ತಂತಿ ಅವನದ್ದು ಅನ್ನೋ ಮಾತನ್ನ ಅಮೆರಿಕದಲ್ಲೂ ಬಹಳ ಕಾಲ ನಂಬಿದ್ರು, ನೀವು ನಂಬಿದ್ರೆ ತಪ್ಪೇನಿಲ್ಲ. ಸ್ವೀನಿ ವರ್ಜೀನಿಯಾದ ಅಪೊಮ್ಯಾಟಕ್ಸ್ ಕಡೆಯವನು, ಹುಟ್ಟಿದ್ದು 1810ರಲ್ಲಿ, ಬ್ಯಾಂಜೋ ಕಲಿತದ್ದು ಅಲ್ಲಿದ್ದ ಕಪ್ಪು ಜನರ ಹತ್ರ. ಅವನು ಹುಟ್ಟೋಕೆ 20 ವರ್ಷ ಮುಂಚೆನೇ, ಅಂದ್ರೆ 1785ರಿಂದ 90ರ ಆಸುಪಾಸಲ್ಲಿ, ಸೌತ್ ಕೆರೊಲಿನಾದ ಜಾನ್ ರೋಸ್ ಅನ್ನೋ ತೋಟದ ಮಾಲೀಕ ಒಂದು ಜಲವರ್ಣ ಚಿತ್ರ ಬರೆದಿದ್ದ. ಅವನೂ ಗುಲಾಮರನ್ನ ಇಟ್ಕೊಂಡವನೇ. ಆ ಚಿತ್ರ ಈಗ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್ ಮ್ಯೂಸಿಯಂನಲ್ಲಿದೆ. ಗುಲಾಮರ ಗುಡಿಸಲುಗಳ ಮುಂದೆ ಕಪ್ಪು ಗಂಡಸರು ಹೆಂಗಸರು ಸೇರಿದ್ದಾರೆ, ಕುಣೀತಿದ್ದಾರೆ, ಬಲಗಡೆ ಒಬ್ಬ ಕೂತ್ಕೊಂಡು ಸೋರೆ ಬುರುಡೆಯ ಬ್ಯಾಂಜೋ ನುಡಿಸ್ತಿದ್ದಾನೆ. ತಂತಿ ನಾಕು, ಮೂರು ಉದ್ದ, ಒಂದು ಗಿಡ್ಡ. ಆ ಗಿಡ್ಡ ತಂತಿನೇ ಸಾರ್ ಇಡೀ ವಾದ್ಯದ ಪ್ರಾಣ, ಹೆಬ್ಬೆರಳಿನಿಂದ ಮಾತ್ರ ಮೀಟೋದು, ಒಂದೇ ಸ್ವರ ಬಿಟ್ಟೂ ಬಿಡದೆ ಗುನುಗ್ತಾ ಇರುತ್ತೆ. ಸ್ವೀನಿ ಹುಟ್ಟೋ ಮೊದಲೇ ಅದು ಅಲ್ಲಿದೆ. ಅವನೇನಾದ್ರೂ ತಂತಿ ಸೇರಿಸಿದ್ರೆ ಅದು ಉದ್ದದ ತಂತಿ ಇರ್ಬೋದು ಅಷ್ಟೆ.

ಇನ್ನೂ ಹಿಂದಕ್ಕೆ ಹೋಗಿ. 1687ರಲ್ಲಿ ಜಮೈಕಾಗೆ ಹೋದ ಹ್ಯಾನ್ಸ್ ಸ್ಲೋನ್ ಅನ್ನೋ ವೈದ್ಯ ಅಲ್ಲಿನ ಗುಲಾಮರ ಬುರುಡೆ ವಾದ್ಯ ನೋಡಿ, 1707ರಲ್ಲಿ ತಂದ ಪುಸ್ತಕದಲ್ಲಿ ಅದರ ಚಿತ್ರನೇ ಹಾಕಿಸಿದ್ದಾನೆ. 600ಕ್ಕೂ ಹೆಚ್ಚು ಜನರನ್ನ ಜೀವಮಾನದಲ್ಲಿ ಗುಲಾಮರಾಗಿ ಇಟ್ಕೊಂಡಿದ್ದ, ಮುಂದೆ ಅಮೆರಿಕದ ಅಧ್ಯಕ್ಷನೂ ಆದ ಥಾಮಸ್ ಜೆಫರ್ಸನ್ ತಾನೇ 1780ರ ದಶಕದಲ್ಲಿ ಬರೀತಾನೆ, ಇದು ಇವರು ಆಫ್ರಿಕಾದಿಂದ ತಂದ ವಾದ್ಯ ಅಂತ. ಆಗಿನ ಪತ್ರಿಕೆಗಳಲ್ಲಿ ಓಡಿಹೋದ ಗುಲಾಮರನ್ನ ಹುಡುಕಿಕೊಡಿ ಅಂತ ಜಾಹೀರಾತು ಬರ್ತಿತ್ತು, ಎತ್ತರ ಇಷ್ಟು, ಮೈಮೇಲೆ ಗಾಯದ ಗುರುತು ಇಂಥಾ ಕಡೆ, ಬಟ್ಟೆ ಇಂಥದ್ದು, ಬ್ಯಾಂಜೋ ಚೆನ್ನಾಗಿ ನುಡಿಸ್ತಾನೆ. ಅಂದ್ರೆ ಮಾಲೀಕರ ಕಣ್ಣಲ್ಲಿ ಬ್ಯಾಂಜೋ ಕಪ್ಪು ಮನುಷ್ಯನ್ನ ಗುರುತು ಹಿಡಿಯೋ ಚಹರೆ ಆಗಿತ್ತು! ಇಂಥ ದಾಖಲೆಗಳನ್ನೆಲ್ಲ ಹುಡುಕಿ ಹುಡುಕಿ ಜೋಡಿಸಿಟ್ಟವರು ಡೀನಾ ಎಪ್‌ಸ್ಟೈನ್ ಅನ್ನೋ ಬಿಳಿ ಹೆಂಗಸು, ಶಿಕಾಗೋದಲ್ಲಿ ಲೈಬ್ರೇರಿಯನ್, 1970ರ ದಶಕದಲ್ಲಿ ಅವರ ಲೇಖನ, ಪುಸ್ತಕ ಬಂದ ಮೇಲೆ ಈ ವಾದ ಹೆಚ್ಚುಕಮ್ಮಿ ಮುಗೀತು. ಆಮೇಲೆ 2000ದ ಹೊತ್ತಿಗೆ ಗಾಂಬಿಯಾದ ಡೇನಿಯಲ್ ಜಾಟ್ಟಾ ತಮ್ಮ ಜೋಲಾ ಜನರ ಅಕೊಂಟಿಂಗ್ ವಾದ್ಯ ತಂದು ಬ್ಯಾಂಜೋ ಪಂಡಿತರ ಮುಂದೆ ನುಡಿಸಿದ್ರು. ಒಣಗಿದ ಸೋರೆ ಬುರುಡೆ, ಮೇಲೆ ಆಡಿನ ತೊಗಲು, ಬುರುಡೆ ಒಳಗಿಂದ ಈ ಕಡೆಯಿಂದ ಆ ಕಡೆಗೆ ತೂರಿಸಿದ ಕೋಲು, ತೊಗಲಿನ ಮೇಲೆ ತಂತಿ ಎತ್ತಿ ಹಿಡಿಯೋ ಕುದುರೆ, ಮೂರು ತಂತಿ, ಅದರಲ್ಲೊಂದು ಗಿಡ್ಡ. ಬೆರಳಿನ ಉಗುರಿಂದ ಕೆಳಗಡೆಗೆ ಹೊಡೆದು, ಹಿಂದೆನೇ ಹೆಬ್ಬೆರಳಲ್ಲಿ ಗಿಡ್ಡ ತಂತಿ ಮೀಟೋದು. ಅಮೆರಿಕದ ಬೆಟ್ಟದ ಹಳ್ಳಿಗಳಲ್ಲಿ ಕ್ಲಾಹ್ಯಾಮರ್ ಅಂತ ಹೇಳೋ ಬಾಣಿ ಇದೇ. ಕೈ ನೋಡಿದ್ರೆ ಸಾಕು, ಮಾತೇ ಬೇಡ.

ಹಂಗಾದ್ರೆ ಇದು ಬಿಳಿಯರ ವಾದ್ಯ ಅಂತ ಹೆಂಗಾಯ್ತು? ಇಲ್ಲಿದೆ ನೋಡಿ ಗಲೀಜು. 1843ರಲ್ಲಿ ನ್ಯೂಯಾರ್ಕ್‌ನಲ್ಲಿ ನಾಲ್ಕು ಜನ ಬಿಳಿಯರು ಮುಖಕ್ಕೆ ಸುಟ್ಟ ಬೆಂಡಿನ ಮಸಿ ಬಳ್ಕೊಂಡು, ವರ್ಜೀನಿಯಾ ಮಿನ್‌ಸ್ಟ್ರೆಲ್ಸ್ ಅಂತ ಹೆಸರಿಟ್ಕೊಂಡು, ಪೆದ್ದ ಕರಿಯ, ಸೋಮಾರಿ ಕರಿಯ ಅಂತ ನಟಿಸ್ತಾ ಬ್ಯಾಂಜೋ ಹಿಡಿದು ಇಡೀ ಸಂಜೆ ಶೋ ಕೊಟ್ರು. ಜನ ಮುಗಿಬಿದ್ರು. ದಶಕಗಳ ಕಾಲ ಅಮೆರಿಕದ ದೊಡ್ಡ ಮನರಂಜನೆ ಅಂದ್ರೆ ಈ ಮಿನ್‌ಸ್ಟ್ರೆಲ್ ಶೋಗಳೇ. ಬಾಲ್ಟಿಮೋರ್‌ನಲ್ಲಿ ವಿಲಿಯಂ ಬೌಚರ್ ಬುರುಡೆ ಬಿಟ್ಟು ಮರದ ಬಳೆ ಹಾಕಿ ಬ್ಯಾಂಜೋ ಮಾಡಿ ಮಾರೋಕೆ ಶುರು ಮಾಡಿದ, ಶತಮಾನದ ಕೊನೆಗೆ ಅದು ಬಿಳಿ ಶ್ರೀಮಂತರ ಮನೆ ಹೆಣ್ಣುಮಕ್ಕಳು ಡ್ರಾಯಿಂಗ್ ರೂಮಲ್ಲಿ ನುಡಿಸೋ ಫ್ಯಾಷನ್ನೂ ಆಯ್ತು. ಅದೇ ಹೊತ್ತಿಗೆ ಕಪ್ಪು ಜನರಿಗೆ ಆ ವಾದ್ಯ ನೋಡಿದ್ರೆ ಮಸಿ ಮುಖದ ಹಾಸ್ಯ ನೆನಪಾಗಿ ಮೈ ಉರಿಯೋ ಹಂಗಾಗಿತ್ತು. ಜೊತೆಗೆ ಗಿಟಾರ್ ಅಗ್ಗ ಆಯ್ತು, ಬ್ಲೂಸ್ ಅನ್ನೋ ಹಾಡಿನ ಶೈಲಿ ಬಂತು, ಲಕ್ಷಗಟ್ಟಲೆ ಜನ ದಕ್ಷಿಣದ ಹಳ್ಳಿ ಬಿಟ್ಟು ಉತ್ತರದ ಸಿಟಿಗಳಿಗೆ ಗುಳೆ ಹೋದ್ರು. 1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ಕಪ್ಪು ಗಿರಾಕಿಗಳಿಗೆ ರೇಸ್ ರೆಕಾರ್ಡ್, ಬಿಳಿ ಗಿರಾಕಿಗಳಿಗೆ ಹಿಲ್‌ಬಿಲಿ ಅಂತ ಅಂಗಡಿ ಶೆಲ್ಫನ್ನೇ ಎರಡು ಭಾಗ ಮಾಡಿದ್ವು, ಫಿಡಲ್ ಬ್ಯಾಂಜೋ ಇಟ್ಕೊಂಡ ಕಪ್ಪು ಸ್ಟ್ರಿಂಗ್ ಬ್ಯಾಂಡ್ ಯಾವ ಶೆಲ್ಫಿಗೂ ಸರಿಹೋಗ್ಲಿಲ್ಲ, ಅವರನ್ನ ರೆಕಾರ್ಡ್ ಮಾಡಿದ್ದೇ ಕಮ್ಮಿ. ನೀವು ನೋಡಿದ ಸಿನಿಮಾಗಳು ಬಂದಿದ್ದು ಇದೆಲ್ಲ ಮುಗಿದ ಮೇಲೆ. ಸ್ಕ್ರಗ್ಸ್ ದೊಡ್ಡ ಬ್ಯಾಂಜೋ ಕಲಾವಿದ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಅವರು ಬಂದಿದ್ದು ಕತೆಯ ಕೊನೇ ಅಧ್ಯಾಯಗಳಲ್ಲಿ.

"ಸಂಗೀತಕ್ಕೆ ಜಾತಿ ಇದ್ಯಾ" ಅಂತ ಕೇಳಿದ್ದೀರಿ. ಸಂಗೀತಕ್ಕೆ ಇಲ್ದೇ ಇರ್ಬೋದು ಸಾರ್, ಅಂಗಡಿ ಶೆಲ್ಫಿಗಂತೂ ಇತ್ತು. ನಮ್ಮಲ್ಲೇ ತಮಟೆ ಬಡಿಯೋದು ಅವಮಾನ ಅಂತ ಕೆಳಗಿಟ್ಟ ದಲಿತರೂ ಇದ್ದಾರೆ, ಅದೇ ತಮಟೆನ ಹೋರಾಟದ ಮೆರವಣಿಗೆಗೆ ಎತ್ಕೊಂಡವರೂ ಇದ್ದಾರೆ, ಎರಡೂ ಯಾಕೆ ಅಂತ ನಿಮಗೆ ನಾನು ಬಿಡಿಸಿ ಹೇಳ್ಬೇಕಾಗಿಲ್ಲ.

ಈಗ ಹೆಂಗಸರ ವಿಚಾರ, ನನಗೆ ಇಷ್ಟವಾದ ಭಾಗ. ಸ್ಟೇಜು, ರೆಕಾರ್ಡು ಎಲ್ಲ ಗಂಡಸರ ಕಡೆ ಹೋಯ್ತು, ಆದ್ರೆ ಮನೆಯೊಳಗೆ ಈ ವಾದ್ಯ ಉಳಿಸ್ಕೊಂಡವರಲ್ಲಿ ಹೆಂಗಸರು ಬಹಳ. ಎಲಿಜಬೆತ್ ಕಾಟನ್ ಅಂತ, ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್ ಹತ್ರ 1893ರಲ್ಲಿ ಹುಟ್ಟಿದವರು. ಅಣ್ಣ ಕೆಲಸಕ್ಕೆ ಹೋದ ಮೇಲೆ ಅವನ ಬ್ಯಾಂಜೋ ಕದ್ದು ನುಡಿಸೋದು, ತಂತಿ ಕಿತ್ರೆ ಹೆದರಿ ಬಚ್ಚಿಟ್ಕೊಳ್ಳೋದು. ಆಕೆ ಎಡಚಿ, ತಂತಿ ಬದಲಾಯಿಸೋ ಹಂಗಿಲ್ಲ, ಅಣ್ಣಂದಲ್ವಾ, ಅದಕ್ಕೆ ವಾದ್ಯನೇ ತಲೆಕೆಳಗು ಹಿಡಿದ್ರು. ಹಂಗೆ ಹಿಡಿದ್ರೆ ಮೇಲಿರಬೇಕಾದ ಗಿಡ್ಡ ತಂತಿ ಕೆಳಗೆ ಬರುತ್ತೆ, ಹೆಬ್ಬೆರಳಿನ ಕೆಲಸ ಬೆರಳಿಗೆ, ಬೆರಳಿನ ಕೆಲಸ ಹೆಬ್ಬೆರಳಿಗೆ. ಮುಂದೆ ಗಿಟಾರನ್ನೂ ಹಂಗೇ ನುಡಿಸಿದ್ರು, ಆ ಬಾಣಿಗೆ ಕಾಟನ್ ಪಿಕಿಂಗ್ ಅಂತ ಅವರ ಹೆಸರೇ ನಿಂತಿದೆ. ಆದ್ರೆ ಮದುವೆ, ಮಗು, ಚರ್ಚು ಅಂತ ದಶಕಗಟ್ಟಲೆ ತಂತಿ ಮುಟ್ಲೇ ಇಲ್ಲ. ವಾಷಿಂಗ್ಟನ್‌ನ ಒಂದು ಡಿಪಾರ್ಟ್‌ಮೆಂಟ್ ಸ್ಟೋರ್‌ನಲ್ಲಿ ಕೆಲಸ ಮಾಡ್ತಿದ್ದಾಗ ಕಳೆದುಹೋಗಿದ್ದ ಒಂದು ಹುಡುಗೀನ ಅಮ್ಮನಿಗೆ ಒಪ್ಪಿಸಿದ್ರು, ಆ ಹುಡುಗಿ ಸೀಗರ್ ಮನೆತನದ ಪೆಗ್ಗಿ, ಇಡೀ ಮನೆಯೇ ಜನಪದ ಸಂಗೀತದವರು, ಅವರ ಮನೆಯಲ್ಲೇ ಇವರು ಅಡುಗೆ, ಮನೆಕೆಲಸಕ್ಕೆ ಸೇರಿದ್ರು. ಮನೆಕೆಲಸದಾಕೆ ಹಿಂಗೆ ನುಡಿಸ್ತಾರೆ ಅಂತ ಆಮೇಲೆ ಗೊತ್ತಾಗಿ, 60 ದಾಟಿದ ಮೇಲೆ ಮೊದಲ ರೆಕಾರ್ಡ್, 90 ದಾಟಿದ ಮೇಲೆ 1985ರಲ್ಲಿ ಗ್ರ್ಯಾಮಿ. ಇನ್ನೊಬ್ಬರು ಎಟ್ಟಾ ಬೇಕರ್, ಅದೇ ರಾಜ್ಯ, 9 ಮಕ್ಕಳು, ಬಟ್ಟೆ ಮಿಲ್ಲಲ್ಲಿ ಕೆಲಸ, ಬ್ಯಾಂಜೋ ಗಿಟಾರ್ ಎರಡೂ ಮನೆ ಬಳುವಳಿ, ದೊಡ್ಡ ವೇದಿಕೆ ಹತ್ತಿದ್ದು ಮಿಲ್ ಬಿಟ್ಟ ಮೇಲೆ.

ಹೀಗಾಗಿ ಇವತ್ತಿನ ಹೆಣ್ಣುಮಕ್ಕಳು ಬ್ಯಾಂಜೋ ಎತ್ಕೊಂಡಾಗ ಅವರಿಗೆ ಹಿಂದೆ ಯಾರೂ ಇರ್ಲಿಲ್ಲ ಅಂತಲ್ಲ, ಇದ್ದವರ ಫೋಟೋ ಗೋಡೆ ಮೇಲೆ ಇರ್ಲಿಲ್ಲ. ರಿಯಾನನ್ ಗಿಡನ್ಸ್ ಹುಟ್ಟಿದ್ದು 1977, ಗ್ರೀನ್ಸ್‌ಬೊರೋ, ಅಪ್ಪ ಬಿಳಿಯರು ಅಮ್ಮ ಕಪ್ಪು, ಕಾಲೇಜಲ್ಲಿ ಓದಿದ್ದು ಆಪೆರಾ ಹಾಡುಗಾರಿಕೆ. 2005ರಲ್ಲಿ ಬೂನ್ ಅನ್ನೋ ಬೆಟ್ಟದ ಊರಲ್ಲಿ ಕಪ್ಪು ಬ್ಯಾಂಜೋಗಾರರ ಒಂದು ಸಮಾವೇಶ ಆಯ್ತು, ಅಲ್ಲಿ ಡಾಮ್ ಫ್ಲೆಮನ್ಸ್, ಜಸ್ಟಿನ್ ರಾಬಿನ್ಸನ್ ಸಿಕ್ಕಿದ್ರು. ಮೂವರೂ ಮೆಬೇನ್ ಅನ್ನೋ ಊರಲ್ಲಿದ್ದ ಜೋ ಥಾಂಪ್ಸನ್ ಮನೆಗೆ ಹೋಗಿ ಕಲಿಯೋಕೆ ಶುರು ಮಾಡಿದ್ರು. ಜೋಗೆ ಆಗ 86 ವರ್ಷ, ಫಿಡಲ್, ಮನೆತನದಿಂದ ಬಂದ ಹಳೇ ಕಪ್ಪು ಸ್ಟ್ರಿಂಗ್ ಬ್ಯಾಂಡ್ ಪದ್ಧತಿ, ಜೊತೆಗೆ ಬ್ಯಾಂಜೋ ಹಿಡೀತಿದ್ದ ಕಸಿನ್ ಓಡೆಲ್ ತೀರಿಹೋಗಿ ಹತ್ತು ವರ್ಷ ಆಗಿತ್ತು. ಅವರು ಪಾಠ ಅಂತೇನೂ ಹೇಳ್ತಿರ್ಲಿಲ್ಲ, ನುಡಿಸ್ತಿದ್ರು, ಇವರು ಜೊತೆಗೆ ನುಡಿಸೋರು. ಆ ಮೂವರ ತಂಡವೇ ಕೆರೊಲಿನಾ ಚಾಕಲೇಟ್ ಡ್ರಾಪ್ಸ್, 2011ರಲ್ಲಿ ಗ್ರ್ಯಾಮಿ ಬಂತು. ಜೋ 2012ರಲ್ಲಿ ಹೋದ್ರು. ಆ ಆರೇಳು ವರ್ಷ ತಪ್ಪಿದ್ರೆ ಎಲ್ಲ ತಪ್ಪಿತ್ತು.

"ವಾಪಸ್ ಕೊಡಿ" ಅಂತ ಯಾರೂ ಕೇಳಿಲ್ಲ ಸಾರ್, ಈ ಮಾತು ನಿಮ್ಮದು. ಗಿಡನ್ಸ್ ಮಾಡಿದ್ದು ಇನ್ನೂ ವಿಚಿತ್ರವಾದದ್ದು. ಅವರು ಹಿಡಿಯೋ ಬ್ಯಾಂಜೋ 1858ರ ಒಂದು ಮಿನ್‌ಸ್ಟ್ರೆಲ್ ಬ್ಯಾಂಜೋದ ಪಡಿಯಚ್ಚು. ಕತ್ತಿನ ಮೇಲೆ ಸ್ವರದ ಮೆಟ್ಟಿಲು (ಫ್ರೆಟ್) ಇಲ್ಲ, ಶ್ರುತಿ ತಗ್ಗು, ಸ್ಕ್ರಗ್ಸ್ ಥರದವರು ವೇಗವಾಗಿ ನುಡಿಸೋ ಈಗಿನ ಬ್ಲೂಗ್ರಾಸ್ ಬ್ಯಾಂಜೋದ ಟಿಣಿಟಿಣಿ ಇಲ್ವೇ ಇಲ್ಲ, ಮಂದ್ರದಲ್ಲಿ ಗುಮ್ ಅನ್ನುತ್ತೆ. 1855ರಲ್ಲಿ ಬಂದ ಬ್ರಿಗ್ಸ್ ಅನ್ನೋ ಬಿಳಿ ಮಿನ್‌ಸ್ಟ್ರೆಲ್‌ನ ಹೆಸರಿನ ಬ್ಯಾಂಜೋ ಕೈಪಿಡಿಯಿಂದ ಮಟ್ಟು ಎತ್ಕೊಂಡು ನುಡಿಸ್ತಾರೆ. ಯಾಕಂದ್ರೆ ಕಪ್ಪು ವಾದಕರು ಬರೆದಿಡಲಿಲ್ಲ, ಅವರನ್ನ ಅಣಕಿಸಿದವರು ಬರೆದಿಟ್ರು. ಆ ಮಸಿ ತೊಳೆದು ಕೆಳಗೇನಿದೆ ಅಂತ ನೋಡೋ ಕೆಲಸ ಇದು, ಹೊಟ್ಟೆ ಗಟ್ಟಿ ಇರಬೇಕು. ಅದೇ ವಾದ್ಯದಲ್ಲೇ ಒಂದು ಹಳೇ ಜಾಹೀರಾತನ್ನ ಹಾಡು ಮಾಡಿದ್ದಾರೆ. ಇಪ್ಪತ್ತೆರಡರ ಒಬ್ಬ ಹೆಂಗಸು ಮಾರಾಟಕ್ಕಿದ್ದಾಳೆ, ಒಂಬತ್ತು ತಿಂಗಳ ಕೂಸಿದೆ, ಕೂಸು ಬೇಕೋ ಬೇಡ್ವೋ ಕೊಳ್ಳೋರ ಇಷ್ಟ, ಇಷ್ಟೇ ಆ ಜಾಹೀರಾತು. 2016ರಲ್ಲಿ ಅವರಿಗೆ ಸ್ಟೀವ್ ಮಾರ್ಟಿನ್ ಬ್ಯಾಂಜೋ ಪ್ರಶಸ್ತಿ ಬಂತು, ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು, ಮೊದಲ ಕಪ್ಪು ವ್ಯಕ್ತಿ ಅವರೇ. 2024ರಲ್ಲಿ ಬಿಯಾನ್ಸೆಯ ಕಂಟ್ರಿ ಹಾಡು ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯ ತುದಿಗೆ ಹೋಯ್ತಲ್ಲ, ಅದರ ಶುರುವಲ್ಲಿ ಕೇಳೋ ಬ್ಯಾಂಜೋ ಕೈ ಇವರದ್ದೇ. ನಿಮ್ಮ ಮಗಳು ಅದನ್ನ ಖಂಡಿತ ಕೇಳಿರ್ತಾಳೆ.

2019ರಲ್ಲಿ ಗಿಡನ್ಸ್ ಇನ್ನೂ ಮೂವರನ್ನ ಸೇರಿಸ್ಕೊಂಡು ಸ್ಮಿತ್‌ಸೋನಿಯನ್ ಫೋಕ್‌ವೇಸ್ ಅನ್ನೋ ರೆಕಾರ್ಡ್ ಕಂಪನಿಗೆ ಒಂದು ಆಲ್ಬಮ್ ಮಾಡಿದ್ರು: ಟೆನೆಸಿಯ ಅಮಿಥಿಸ್ಟ್ ಕಯಾ, ಹೈಟಿ ಮೂಲದ ಲೇಲಾ ಮೆಕಾಲಾ, ಮಾಂಟ್ರಿಯಲ್‌ನ ಆಲಿಸನ್ ರಸಲ್. ನಾಲ್ವರೂ ಬ್ಯಾಂಜೋದವರು. ಜಾನ್ ಹೆನ್ರಿ ಅಂತ ಸುತ್ತಿಗೆ ಹಿಡಿದು ಯಂತ್ರದ ಜೊತೆ ಪಣ ಕಟ್ಟಿದ ಕಪ್ಪು ಕೂಲಿಯ ಲಾವಣಿ ಅಲ್ಲಿ ಎಲ್ರಿಗೂ ಗೊತ್ತು. ಅವನು ಕಾಯಿಲೆ ಬಿದ್ದಾಗ ಹೆಂಡತಿ ಪಾಲಿ ಆನ್ ಸುತ್ತಿಗೆ ಎತ್ತಿದಳು ಅಂತ ಲಾವಣಿಯಲ್ಲಿ ಒಂದು ಸಾಲು ಬಂದು ಹೋಗುತ್ತೆ, ಇವರು ಆ ಒಂದು ಸಾಲನ್ನ ಹಿಡ್ಕೊಂಡು ಪೂರ್ತಿ ಹಾಡು ಕಟ್ಟಿದ್ದಾರೆ. ಅದು ನನಗೆ ಬಹಳ ಇಷ್ಟ. ಎಲ್ಲ ಹಾಡೂ ಹಂಗಿಲ್ಲ, ಒಂದೆರಡು ಕಡೆ ಭಾಷಣ ಜಾಸ್ತಿ ಆಯ್ತು ಅನ್ಸುತ್ತೆ, ಸಂಗೀತ ಕೇಳೋಕೆ ಕೂತವನಿಗೆ ಕ್ಲಾಸ್ ತಗೊಂಡಂಗೆ. ಕಾಟನ್ ಅಜ್ಜಿ ಯಾವತ್ತೂ ಕ್ಲಾಸ್ ತಗೊಳ್ಳಲ್ಲ ನೋಡಿ, ಅದಕ್ಕೇ ನಾನು ಅವರ ಪಕ್ಷ.

ಇನ್ನು ಮಗಳ ವಿಚಾರ. ಕೊಡಿಸಿ ಸಾರ್. ಆದ್ರೆ ಅಂಗಡಿಯವರು ನಾಲ್ಕು ತಂತಿಯ ಟೆನರ್ ಬ್ಯಾಂಜೋ ತೋರಿಸ್ತಾರೆ, ಅದು ಜಾಜ್, ಐರಿಶ್ ಸಂಗೀತಕ್ಕೆ, ಬೇಡ. ಐದು ತಂತಿದು, ಹಿಂದುಗಡೆ ಮುಚ್ಚಳ ಇಲ್ಲದ ಓಪನ್ ಬ್ಯಾಕ್ ಅಂತ ಕೇಳಿ. ಗಿಟಾರ್ ಕೈ ಇರೋರಿಗೆ ಎಡಗೈ ಬೇಗ ಒಗ್ಗುತ್ತೆ, ತೊಂದರೆ ಇರೋದು ಬಲಗೈದು, ತಂತಿನ ಮೇಲಕ್ಕೆ ಎಳೆಯೋ ಅಭ್ಯಾಸ ಬಿಟ್ಟು ಉಗುರಿಂದ ಕೆಳಕ್ಕೆ ಹೊಡೆಯೋದು ಬರೋವರೆಗೂ ಬೇಜಾರಾಗುತ್ತೆ, ಮೊದಲ ಕೆಲವು ವಾರ ಮನೆಯವರೆಲ್ಲ ಸಹಿಸ್ಕೊಳ್ಳಿ. ನಿಜವಾದ ತೊಗಲು ಹಾಕಿದ್ದು ನೋಡೋಕೆ ಚಂದ, ಆದ್ರೆ ಮಳೆಗಾಲದ ಥಂಡಿಗೆ ಸಡಿಲ ಆಗಿ ಶ್ರುತಿ ನಿಲ್ಲಲ್ಲ, ಪ್ಲಾಸ್ಟಿಕ್ ಹೆಡ್ ಇರೋದನ್ನೇ ತಗೊಳ್ಳಿ. ಗಿಟಾರ್ ಮೇಷ್ಟ್ರು ಬೈದ್ರೆ ನಮ್ಮ ಹೆಸರು ಹೇಳಿ.

— ಸಂ.