ಮೂಗು ಯಾರದು, ಮದುವಿ ಯಾರದು?

ಸಿಂಧನೂರಿನ ಅಕ್ಕಾರಿಗೆ ನಮಸ್ಕಾರ್ರೀ. ಹೆಸರು ಹಾಕಬ್ಯಾಡ್ರಿ ಅಂದಿದ್ರಿ, ಹಾಕಿಲ್ಲ. ಬಾಕಿ ಓದುಗರಿಗೆ ತಿಳೀಲಿ ಅಂತ ವಿಷಯ ಅಷ್ಟ ಹೇಳಿಬಿಡ್ತೀನಿ. ಮಗಳಿಗೆ 8 ವರ್ಷ, ಮೂರನೇ ಕ್ಲಾಸು. ಮೇ ತಿಂಗಳಾಗ ಮೈದುನನ ಮದುವಿ. ಅಷ್ಟರಾಗ ಮೊಮ್ಮಗಳ ಮೂಗು ಚುಚ್ಚಿಸಿ, ತಮ್ಮ ತಾಯಿ ಕಾಲದ ಏಳು ಹರಳಿನ ಮೂಗುಬಟ್ಟು ಹಾಕಿ ಹಂದರದಾಗ ಓಡ್ಯಾಡಸಬೇಕು ಅಂತ ಅತ್ತಿಯವರ ಆಸೆ. ಯಜಮಾನರು "ಅವ್ವ ಹೇಳಿದಂಗ ಮಾಡು" ಅಂದು ಹೊಲಕ್ಕ ಹೋಗಿಬಿಟ್ಟಾರ. ಹುಡುಗಿ ಒಂದಿನ ಹೂಂ ಅಂತಾಳ, ಮರುದಿನ ಊಹೂಂ. "ಯಾವ ವಯಸ್ಸಿಗೆ ಸರಿ, ಒಂದು ನಂಬರ್ ಹೇಳ್ರಿ ಮೇಡಂ" ಅಂತ ಕೇಳೀರಿ.

ನಂಬರ್ ಹೇಳ್ತೀನಿ. ಮೊದಲ ನನ್ನ ಮೂಗಿನ ಕಥಿ ಕೇಳ್ರಿ.

ನನಗ ಆಗ 6 ವರ್ಷ. ಕೊಪ್ಪಳದಾಗ ಚಿಗವ್ವನ ಮದುವಿ ನಾಲ್ಕು ದಿನ ಇತ್ತು, "ಬಾ ಮಂಡಕ್ಕಿ-ಮಿರ್ಚಿ ಕೊಡಸ್ತೀನಿ" ಅಂತ ಕರಕೊಂಡು ಹೋದೋರು ಸೀದಾ ಪತ್ತಾರರ ಮುಂದ ಕುಂದ್ರಿಸಿದ್ರು, ಇಬ್ಬರು ಕೈ ಹಿಡದ್ರು, ಒಬ್ಬರು ತಲಿ ಹಿಡದ್ರು, ಅವ್ರು ಚೂಪು ಮಾಡಿದ ಬಂಗಾರದ ತಂತಿ ಚುಚ್ಚೋ ಹೊತ್ತಿಗೆ ನಾನು ಗೋಣು ಝಾಡಿಸಿದೆ ನೋಡ್ರಿ, ತೂತು ಓರೆ ಆತು. ಅವ್ರದೇನು ತಪ್ಪು ಅಂತೀರಿ, ಮೀನು ಹಿಡಿದಂಗ ಹಿಡಕೊಂಡ ಹುಡುಗಿಗೆ ಯಾರು ಚುಚ್ಚಿದ್ರೂ ಅಷ್ಟ. ಅಕ್ಕಿಕಾಳಿನ ದಿನ ಮೂಗು ಬಾತು ಕೀವು ತುಂಬಿತ್ತು. ಮದುವಿ ಫೋಟೋದಾಗ ಎಲ್ಲಾರೂ ನಗತಾರ, ನಾನೊಬ್ಬಾಕಿ ಅರಿಷಿಣ ಬಡಕೊಂಡು ಅಳಕೋತ ನಿಂತೀನಿ. ತಂತಿ ತಗಸಿದ ಮ್ಯಾಲ ತೂತು ಮುಚ್ಚಿತು, ಬಲ ಹೊಳ್ಳಿ ಮ್ಯಾಲ ಸಾಸಿವಿಯಷ್ಟು ಗಂಟು ಇವತ್ತಿಗೂ ಐತಿ. 19ಕ್ಕ ನಾನ ಹೋಗಿ ಎಡಕ್ಕ ಚುಚ್ಚಿಸಿಕೊಂಡೆ, ಯಾರೂ ಹಿಡೀಲಿಲ್ಲ, ಒಂದು ಸೀನು ಬಂತು, ಎರಡು ಹನಿ ಕಣ್ಣೀರು, ಮುಗೀತು. ಮಿರ್ಚಿ ಕೊಡಸ್ತೀನಿ ಅಂದ್ರ ಮಾತ್ರ ಈಗಲೂ ಒಂಚೂರು ಅನುಮಾನ.

ಈಗ ನಂಬರ್. ನನ್ನ ಪ್ರಕಾರ 10 ದಾಟಲಿ. ಸರ್ಕಾರದ ಲಸಿಕೆ ಪಟ್ಟಿಯೊಳಗ 10 ವರ್ಷಕ್ಕ ಒಂದು, 16ಕ್ಕ ಒಂದು ಟಿಡಿ ಇಂಜೆಕ್ಷನ್ ಐತಿ, ಧನುರ್ವಾಯುಗೆ. 10ರದು ಹಾಕಿಸಿದ ಮ್ಯಾಲ ಚುಚ್ಚಸೋದು ಲೆಕ್ಕಕ್ಕ ಸರಿ ಬರ್ತದ. 5-6 ವರ್ಷದ ಬೂಸ್ಟರ್ ಹಾಕಿಸಿದ್ರ 8ಕ್ಕೂ ಆ ಭಯ ದೊಡ್ಡದಲ್ಲ, ಸುಳ್ಳ್ಯಾಕ ಹೇಳಲಿ. ನನಗ ಚಿಂತಿ ಇರೋದು ಚುಚ್ಚಿದ ಮ್ಯಾಲಿನ ದಿನಗಳದು. ಕಿವಿ ಹಾಲಿ 6ರಿಂದ 8 ವಾರದಾಗ ಮಾಯ್ತದ. ಮೂಗು ಹಂಗಲ್ಲ, ಕಮ್ಮಿ ಅಂದ್ರೂ 3-4 ತಿಂಗಳು, ಕೆಲವರಿಗೆ 6. ಹೊಳ್ಳಿ ಕೆಳಗಿನ ಮೆತ್ತನ ಭಾಗದಾಗ ಚುಚ್ಚಿದ್ರ ಪರವಾಗಿಲ್ಲ, ಚೂರು ಮ್ಯಾಲ ಹೋದ್ರ ಮೃದು ಎಲುಬು ಬರ್ತದ, ಅದಕ್ಕ ತನ್ನದೇ ರಕ್ತನಾಳ ಇಲ್ಲ, ಅಲ್ಲಿ ಸೋಂಕು ಆತಂದ್ರ ಲಗೂನ ಇಳಿಯೋದಿಲ್ಲ, ಮೂಗಿನ ಆಕಾರನೂ ಕೆಡಬಹುದು. ಅಷ್ಟು ತಿಂಗಳು ದಿನಾ ಎರಡು ಸಲ ಸಾಬೂನು ಹಚ್ಚಿ ಕೈ ತೊಳಕೊಂಡು, ಕಾಸಿ ಆರಿಸಿದ ಉಪ್ಪುನೀರಿಲೆ (ಒಂದು ಕಪ್ಪಿಗೆ ಕಾಲು ಚಮಚ ಉಪ್ಪು, ಜಾಸ್ತಿ ಹಾಕಿದ್ರ ಉರೀತದ) ಒರಸೋದು ಯಾರ ಕೆಲಸ? ಮದುವಿ ಮುಗಿಸಿ ಬೀಗರು ಹೋಗಿಬಿಡ್ತಾರ, ಮೂಗು ನಿಮ್ಮ ಮನ್ಯಾಗ ಉಳೀತದ.

ಅದಕ್ಕ ವಯಸ್ಸಿಗಿಂತ ನಾ ನೋಡೋದು ಇದು: ಹೇಳಿಸಿಕೊಳ್ಳದ ತಾನ ತೊಳಕೊಂತಾಳೇನು, ಗಾಯದ ಹಕ್ಕಳಿ ಕೀಳಲಾರದ ಬಿಡ್ತಾಳೇನು. ಮೊಣಕಾಲು ಕೆತ್ತಿಕೊಂಡಾಗ ನೋಡಿರ್ತೀರಲ್ಲ, ಅದ ಪರೀಕ್ಷೆ. ಇನ್ನೊಂದು, ಪತ್ತಾರರ ಅಂಗಡಿ ಮೆಟ್ಟಲ ಮ್ಯಾಲ ನಿಂತು "ಬ್ಯಾಡವ್ವ" ಅಂದ್ರ ನೀವು ಬೈಲಾರದ ವಾಪಸ್ ಕರಕೊಂಡು ಬರ್ತೀರೇನು? ಇದು ಆಕಿ ಪರೀಕ್ಷೆ ಅಲ್ಲ, ನಿಮ್ಮದು. ಒಂದಿನ ಹೂಂ ಒಂದಿನ ಊಹೂಂ ಅನ್ನೋ ಹುಡುಗಿ ಇನ್ನೂ ಊಹೂಂ ಅಂತಾನ ನಾ ತಿಳಕೊಂತೀನಿ.

ಮತ್ತ ಮೇ ತಿಂಗಳು ಅಂತೀರಲ್ರಿ! ನಮ್ಮ ಕಡೆ ಬಿಸಲು 42 ಡಿಗ್ರಿ, ಬೆವರು, ಧೂಳು, ಮ್ಯಾಲ ರಜಾ, ಹುಡುಗರೆಲ್ಲ ಬಾವಿ ಕಾಲುವಿ ಅಂತ ನೀರಿಗೆ ಬೀಳೋ ಟೈಮು. ಹಸಿ ಗಾಯ ಇಟಗೊಂಡು ಆ ನೀರಿಗೆ ಇಳಿಯೋ ಹಂಗಿಲ್ಲ. ನೆಗಡಿ ಇಲ್ಲದ ತಂಪು ದಿನ ನೋಡ್ರಿ, ಮದುವಿಗೂ ಅದಕ್ಕೂ ಗಂಟು ಹಾಕಬ್ಯಾಡ್ರಿ.

ಮುಂದ ಚುಚ್ಚಿಸಿದಾಗ ಗನ್ ಬ್ಯಾಡ, ಅದರ ಪ್ಲಾಸ್ಟಿಕ್ ಮೈಯನ್ನ ಆಸ್ಪತ್ರಿ ಸಾಮಾನಿನಂಗ ಉಗಿಯೊಳಗ ಶುದ್ಧ ಮಾಡಾಕ ಬರೋದಿಲ್ಲ, ಮೊಂಡು ಕಡ್ಡಿ ಒತ್ತಿ ತುರುಕತದ. ಪ್ಯಾಕೆಟ್ ಒಡದ ಹೊಸ ಸೂಜಿ ಆಗಬೇಕು, ಕಿವಿ-ಮೂಗು-ಗಂಟಲು ಡಾಕ್ಟರ್ ಹತ್ರ ಕೇಳಿದ್ರ ಅವರೂ ಚುಚ್ಚತಾರ. ಮನ್ಯಾಗ ಯಾರಿಗಾದ್ರೂ ಗಾಯ ಮಾದ ಮ್ಯಾಲ ಗಂಟು ಬೆಳಿಯೋ ಗುಣ ಇದ್ರ ಮೊದಲ ಹೇಳ್ರಿ. ರೋಲ್ಡ್ ಗೋಲ್ಡ್ ಹಾಕಿದ್ರ ಅದರಾಗಿನ ನಿಕ್ಕಲ್ ಕೆಲವರಿಗೆ ತುರಿಕಿ ಎಬ್ಬಸ್ತದ. ಸಾದಾ ಬಂಗಾರದ ಸಣ್ಣ ರಿಂಗ್ ಸಾಕು.

ಅತ್ತಿಯವರ ಏಳು ಹರಳಿಂದು? ಚಂದ ಐತಿ ಅಂತ ನಂಬತೀನಿ. ಆದ್ರ ಹಳೇ ಮೂಗುಬಟ್ಟಿನಾಗ ಹರಳಿನ ಹಿಂದ ಅರಗು ತುಂಬಿರ್ತಾರ, ಸಂದಿಯೊಳಗ ಕೊಳಿ ಕುಂತಿರ್ತದ, ಬಿಸಿನೀರಿಗೆ ಹಾಕಿದ್ರ ಅರಗು ಬಿಡ್ತದ. ಹಸಿ ಗಾಯಕ್ಕ ಅದು ಬ್ಯಾಡ. ಮ್ಯಾಲ ತಿರುಪು ಸಡಲಾಗಿ ಮಲಗಿದಾಗ ಬಿಚ್ಚಿ ಉಸಿರಿನ ಜೋಡಿ ಒಳಗ ಹೋದ್ರ ಆಸ್ಪತ್ರಿಗೆ ಓಡೋದ.

"ನಮ್ಮ ಸಂಪ್ರದಾಯ" ಅಂತ ಅವರು ಅಂದ್ರ ಜಗಳ ತಗೀಬ್ಯಾಡ್ರಿ, ಒಂದು ರವಿವಾರ ಇಟಗಿ ಮಹಾದೇವ ಗುಡಿಗೆ ಕರಕೊಂಡು ಹೋಗ್ರಿ. 1112ರಾಗ ಕಟ್ಟಿದ್ದು. ಆ ಕಾಲದ ಚಾಲುಕ್ಯ ಶಿಲ್ಪದಾಗ ಹೆಣ್ಣುಮಕ್ಕಳಿಗೆ ಕಿವಿ ತುಂಬ ಓಲೆ, ಕೊರಳ ತುಂಬ ಸರ, ಮೂಗು ಮಾತ್ರ ಖಾಲಿ. ಕಿವಿ ಚುಚ್ಚಸೋದು 16 ಸಂಸ್ಕಾರದಾಗ ಒಂದು, ಸುಶ್ರುತ ಸಂಹಿತೆಯೊಳಗ 6ನೇ ಇಲ್ಲಾ 7ನೇ ತಿಂಗಳು ಅಂತ ಲೆಕ್ಕನೂ ಐತಿ. ಮೂಗಿಗೆ ಆ 16ರಾಗ ಜಾಗನ ಇಲ್ಲ. ಮೂಗುಬಟ್ಟು ನಮ್ಮದಲ್ಲ ಅಂತ ನಾ ಅನ್ನೂದಿಲ್ಲ, ಹುಲಿಗೆಮ್ಮನ ಮುಖದಾಗ ನತ್ತು ನೋಡಿದ್ರ ಕೈ ತಾನಾಗಿ ಮುಗೀತದ. ಎರಡು ವರ್ಷ ತಡ ಆದ್ರ ಯಾವ ದೇವರೂ ಸಿಟ್ಟಾಗೂದಿಲ್ಲ ಅಷ್ಟ. ಅವರ ಆಸೆ ಕೆಟ್ಟದ್ದಲ್ಲ ಅಕ್ಕಾ, ತಾಯಿ ನೆನಪು ಮೊಮ್ಮಗಳ ಮುಖದಾಗ ನೋಡಬೇಕು ಅಂತಾರ. "ಇದು ಆಕೀದ, ದೊಡ್ಡಾಕಿ ಆದ ಮ್ಯಾಲ ನೀವ ಹಾಕ್ರಿ" ಅಂತ ಹೇಳಿ ಆ ಡಬ್ಬಿ ಹುಡುಗಿ ಕೈಯಾಗ ಒಂದ್ಸಲ ಕೊಡಸ್ರಿ. ಯಜಮಾನರನ್ನೂ ಅವತ್ತು ಹೊಲಕ್ಕ ಬಿಡಬ್ಯಾಡ್ರಿ, ಮುಂದ ಕುಂದ್ರಿಸಿಕೋರಿ.

ಮದುವಿಗೆ ಬಳಿ ಅಂಗಡ್ಯಾಗ ಒತ್ತಿ ಹಾಕೋ ಮೂಗುಬಟ್ಟು ಸಿಗ್ತಾವ, ತೂತು ಬೇಕಾಗಿಲ್ಲ, ಫೋಟೋಕ್ಕ ಸಾಕು. ಆಯಸ್ಕಾಂತದ್ದು ಮಾತ್ರ ತರಬ್ಯಾಡ್ರಿ, ಎರಡು ಚೂರು ಮೂಗಿನ ಎರಡು ಕಡೆ ಒಳಗ ಸೇರಿದ್ರ ನಡುವಿನ ಗೋಡಿ ಹಿಡಕೊಂಡು ತೂತು ಬೀಳೋತನಕ ಬಿಡೂದಿಲ್ಲ, ನುಂಗಿದ್ರ ಕರುಳಿಗೆ ಅಪಾಯ. ಒತ್ತೋದನ್ನೂ ಮಲಗೋ ಮುಂಚೆ ತಗದು ಎತ್ತಿಡ್ರಿ.